ಅಂಗೈ ಮೇಲಿನ ಇಪ್ಪತ್ನಾಲ್ಕು ಗಂಟೆ

1969ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಝೆಲ್ಟ್‌ವೆಗ್ ಟ್ರ್ಯಾಕಿನಲ್ಲಿ ಜಾನ್ ಹಾರ್ಸ್‌ಮನ್ ಎಂಬ ಎಂಜಿನಿಯರ್ ಒಂದು ಕಾರಿನ ಮೈಗೆ ಅಂಟಿ ಸತ್ತಿದ್ದ ನುಸಿಗಳನ್ನು ನೋಡುತ್ತ ನಿಂತಿದ್ದರು. ಕಾರು ಪೋರ್ಷೆ 917. ಹನ್ನೆರಡು ಸಿಲಿಂಡರ್, ನಾಲ್ಕೂವರೆ ಲೀಟರ್ ಎಂಜಿನ್. ಬಲಕ್ಕೇನೂ ಕೊರತೆಯಿರಲಿಲ್ಲ. ಆದರೆ ವೇಗ ಏರಿದಂತೆಲ್ಲ ಹಿಂಭಾಗ ಅತ್ತಿತ್ತ ಓಲಾಡಿ ಚಾಲಕರ ಜೀವ ಬಾಯಿಗೆ ಬರುತ್ತಿತ್ತು. ಪಳಗಿದ ಕೈಗಳೇ ಅದನ್ನು ಓಡಿಸಲು ಹಿಂದೇಟು ಹಾಕುತ್ತಿದ್ದವು. ಹಾರ್ಸ್‌ಮನ್ ಗಮನಿಸಿದ್ದು ಇಷ್ಟು: ಕಾರಿನ ಮುಂಭಾಗದಲ್ಲಿ ನುಸಿಗಳ ಕಲೆ ದಟ್ಟವಾಗಿತ್ತು, ಬಾಲದ ಮೇಲೆ ಏನೂ ಇರಲಿಲ್ಲ. ಅಂದಮೇಲೆ ಗಾಳಿ ಬಾಲವನ್ನು ಮುಟ್ಟುತ್ತಲೇ ಇಲ್ಲ, ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತಲೂ ಇಲ್ಲ. ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ಟೇಪು ಸುತ್ತಿ, ಬಾಲವನ್ನು ಮೇಲಕ್ಕೆತ್ತಿ ಕಟ್ಟಿದರು. ಮತ್ತೆ ಟ್ರ್ಯಾಕಿಗೆ ಇಳಿದ ಚಾಲಕ ಬ್ರಯನ್ ರೆಡ್‌ಮನ್ ಪಿಟ್‌ಗೆ ವಾಪಸು ಬರದೆ ಸುತ್ತಿನ ಮೇಲೆ ಸುತ್ತು ಹಾಕಿದರು. ಕಾರು ಪಳಗಿತ್ತು.

ಈ ಕಥೆಯನ್ನು ಓದಿ ತಿಳಿಯಬಹುದು. ಆದರೆ 1969ರ ಉದ್ದಬಾಲದ 917 ಮತ್ತು 1970ರ ಮೋಟುಬಾಲದ 917ಕೆ, ಎರಡರ ಪುಟಾಣಿ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಾಗ ಅದು ಅರ್ಥವಾಗುವ ಬಗೆಯೇ ಬೇರೆ. ಒಂದರಲ್ಲಿ ಬೆನ್ನು ಇಳಿಜಾರಾಗಿ ಹರಿದು ತೆಳ್ಳಗೆ ಮುಗಿಯುತ್ತದೆ. ಇನ್ನೊಂದರಲ್ಲಿ ಅದೇ ಬೆನ್ನು ಚಾಲಕನ ಹಿಂದೆ ಮತ್ತೆ ಏರುತ್ತದೆ. ಒಂದೊಂದೂ ಹತ್ತು ಸೆಂಟಿಮೀಟರ್ ಆಸುಪಾಸಿನದು. ಆ ಏರಿನಲ್ಲಿ ಬೆರಳಾಡಿಸಿದರೆ ನುಸಿಗಳು ಹೇಳಿಕೊಟ್ಟ ಪಾಠ ಕೈಗೆ ಸಿಗುತ್ತದೆ.

ನಾನು ಹೇಳಹೊರಟಿರುವುದು ಈ ಪುಟಾಣಿ ಕಾರುಗಳ ಬಗ್ಗೆ. ಅದರಲ್ಲೂ ಫ್ರಾನ್ಸಿನ ಲೆ ಮಾನ್ ಪಟ್ಟಣದ ಹೊರಗೆ 1923ರಿಂದ ನಡೆದು ಬಂದಿರುವ ಇಪ್ಪತ್ನಾಲ್ಕು ಗಂಟೆಗಳ ಓಟದ ಕಾರುಗಳ ಬಗ್ಗೆ. ಸಾಮಾನ್ಯವಾಗಿ ಶನಿವಾರ ಸಂಜೆ ನಾಲ್ಕಕ್ಕೆ ಶುರುವಾಗಿ ಭಾನುವಾರ ಸಂಜೆ ನಾಲ್ಕಕ್ಕೆ ಮುಗಿಯುವ ಓಟ ಅದು. ಸುಮಾರು 13.6 ಕಿಲೋಮೀಟರ್ ಸುತ್ತಳತೆಯ ಆ ಹಾದಿಯ ದೊಡ್ಡ ಭಾಗ ಉಳಿದ ದಿನಗಳಲ್ಲಿ ಊರಿನವರು ಓಡಾಡುವ ರಸ್ತೆಯೇ. ಅಲ್ಲಿ ವೇಗವೊಂದೇ ಸಾಲದು, ತಾಳಿಕೆ ಬೇಕು. ರಾತ್ರಿ, ಮಂಜು, ಮಳೆ, ಸವೆಯುವ ಬ್ರೇಕು, ನಿದ್ದೆಗೆಟ್ಟ ಮೆಕ್ಯಾನಿಕ್‌ಗಳು, ಇಷ್ಟನ್ನೂ ದಾಟಿದ ಕಾರು ಬಾವುಟ ಕಾಣುತ್ತದೆ.

ಇಂಥ ಕಾರುಗಳ ಮಾದರಿ ಕೂಡಿಡುವುದು ಮಕ್ಕಳಾಟವನ್ನು ದೊಡ್ಡವರು ಮುಂದುವರಿಸಿದಂತೆ ಎಂದು ಹಲವರು ತಿಳಿದಿದ್ದಾರೆ. ಈ ಹವ್ಯಾಸವನ್ನು ಹತ್ತಿರದಿಂದ ಬಲ್ಲ ನನ್ನ ಅಭಿಪ್ರಾಯ ಬೇರೆ. ಒಳ್ಳೆಯ ಮಾದರಿ ಯಾವುದೋ ಕಂಪನಿಯ ಯಾವುದೋ ಕಾರಿನ ಪ್ರತಿರೂಪ ಅಲ್ಲ. ಅದು ಒಂದು ನಿರ್ದಿಷ್ಟ ಕಾರಿನ, ಒಂದು ನಿರ್ದಿಷ್ಟ ದಿನದ ದಾಖಲೆ. ಬಾಗಿಲ ಮೇಲಿನ ಸಂಖ್ಯೆ, ಪಕ್ಕದಲ್ಲಿ ಚಿಕ್ಕಕ್ಷರದ ಚಾಲಕರ ಹೆಸರು, ರಾತ್ರಿ ಆ ಸಂಖ್ಯೆ ಕಾಣಲೆಂದು ಸಿಕ್ಕಿಸಿದ ಪುಟ್ಟ ದೀಪ, ಒಂದೇ ತಂಡದ ಕಾರುಗಳನ್ನು ದೂರದಿಂದ ಬೇರೆ ಮಾಡಿ ತೋರಿಸಲು ಮೂತಿಗೆ ಬಳಿದ ಬೇರೆ ಬೇರೆ ಬಣ್ಣ, ಇವೆಲ್ಲ ಸರಿಯಾಗಿ ಕೂತಾಗ ಅದು ಚರಿತ್ರೆಯ ಒಂದು ಪುಟ. ಸಂಖ್ಯೆ ತಪ್ಪಿದರೆ ಆ ಪುಟ ಹರಿದಂತೆ.

ಒಂದು ಚಾಸಿ, ಎರಡು ಮಾದರಿ

ಇದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಫೋರ್ಡ್ ಜಿಟಿ40 ಕಾರುಗಳಲ್ಲಿ 1075 ಎಂಬ ಚಾಸಿ ಸಂಖ್ಯೆಯ ಒಂದು ಕಾರಿದೆ. ತಿಳಿನೀಲಿ ಮೈ, ನಡುವೆ ಕಿತ್ತಳೆ ಪಟ್ಟಿ: ಗಲ್ಫ್ ಆಯಿಲ್ ಕಂಪನಿಯ ಬಣ್ಣ. 1968ರಲ್ಲಿ 9ನೇ ಸಂಖ್ಯೆ ಹೊತ್ತು ಪೆಡ್ರೊ ರಾಡ್ರಿಗೆಜ್ ಮತ್ತು ಲೂಸಿಯನ್ ಬಿಯಾಂಕಿ ಕೈಯಲ್ಲಿ ಅದು ಲೆ ಮಾನ್ ಗೆದ್ದಿತು. ಮರುವರ್ಷ 6ನೇ ಸಂಖ್ಯೆಯಲ್ಲಿ ಅದೇ ಕಾರು ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್ ಕೈಯಲ್ಲಿ ಮತ್ತೆ ಗೆದ್ದಿತು. ಅಂಗಡಿಯಲ್ಲಿ ಎರಡೂ ಮಾದರಿಗಳನ್ನು ನೋಡಿದ ಹೊಸಬರು, ‘ಒಂದೇ ಕಾರಲ್ಲವೇ, ಒಂದು ಸಾಕು’ ಎನ್ನುತ್ತಾರೆ. ಕಾರು ಒಂದೇ, ನಿಜ. ಆದರೆ 6ನೇ ಸಂಖ್ಯೆಯ ಹಿಂದೆ ಇರುವ ಕಥೆ 9ರ ಹಿಂದೆ ಇಲ್ಲ.

ಆ ಕಾಲದವರೆಗೆ ಲೆ ಮಾನ್ ಓಟ ಶುರುವಾಗುತ್ತಿದ್ದುದು ಹೀಗೆ: ಕಾರುಗಳು ರಸ್ತೆಯ ಒಂದು ಬದಿ, ಚಾಲಕರು ಇನ್ನೊಂದು ಬದಿ. ಬಾವುಟ ಬೀಸಿದೊಡನೆ ಚಾಲಕರು ರಸ್ತೆ ದಾಟಿ ಓಡಿ, ಕಾರಿಗೆ ನೆಗೆದು, ಎಂಜಿನ್ ಹೊತ್ತಿಸಿ ಹೊರಡಬೇಕು. ನೋಡಲು ಬಲು ಚೆಂದ. ಆದರೆ ಆ ಅವಸರದಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಲು ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ. 1969ರಲ್ಲಿ ಇಪ್ಪತ್ನಾಲ್ಕರ ಹರೆಯದ ಇಕ್ಸ್ ಓಡಲಿಲ್ಲ. ಉಳಿದವರೆಲ್ಲ ಓಡುತ್ತಿರುವಾಗ ನಿಧಾನಕ್ಕೆ ನಡೆದು ಹೋಗಿ, ಕಾರಿನಲ್ಲಿ ಕೂತು, ಬೆಲ್ಟ್ ಬಿಗಿದು, ಎಲ್ಲರ ಹಿಂದೆ ಹೊರಟರು. ಅದೇ ಮೊದಲ ಸುತ್ತಿನಲ್ಲಿ ಜಾನ್ ವೂಲ್ಫ್ ಎಂಬ ಚಾಲಕ ತಮ್ಮ ಪೋರ್ಷೆ 917 ಅಪಘಾತಕ್ಕೀಡಾಗಿ ತೀರಿಕೊಂಡರು. ಇಪ್ಪತ್ನಾಲ್ಕು ಗಂಟೆಗಳ ಬಳಿಕ ಇಕ್ಸ್ ಹಾನ್ಸ್ ಹೆರ್ಮನ್‌ರ ಪೋರ್ಷೆ 908ನ್ನು ನೂರು ಚಿಲ್ಲರೆ ಮೀಟರ್ ಅಂತರದಲ್ಲಿ ಹಿಂದಿಕ್ಕಿ ಗೆದ್ದರು. ಮರುವರ್ಷದಿಂದ ಚಾಲಕರು ಬೆಲ್ಟ್ ಕಟ್ಟಿಕೊಂಡು ಕಾರಿನೊಳಗೇ ಕೂತು ಕಾಯುವ ಪದ್ಧತಿ ಬಂತು.

6ನೇ ಸಂಖ್ಯೆಯ ಜಿಟಿ40 ಮಾದರಿ ಕೊಂಡವರು ಕೊಂಡದ್ದು ಆ ನಡಿಗೆಯನ್ನು. ಅದಕ್ಕಾಗಿಯೇ ಆ ಕಾರಿನ ಪಕ್ಕದಲ್ಲಿ ಹೆರ್ಮನ್‌ರ 64ನೇ ಸಂಖ್ಯೆಯ ಬಿಳಿ 908 ಕೂಡ ಇರಬೇಕು ಎಂಬುದು ನನ್ನ ಹಟ. ಸೋತವನಿಲ್ಲದೆ ಆ ನೂರು ಮೀಟರಿಗೆ ಅರ್ಥವಿಲ್ಲ.

ಆಟದ ರೈಲಿನಿಂದ ಬಂದ ಅಳತೆ

ಈ ಲೋಕದಲ್ಲಿ ಹೆಚ್ಚು ಚಲಾವಣೆಯಲ್ಲಿರುವ ಅಳತೆ 1:43. ಅಂದರೆ ನಿಜವಾದ ಕಾರು ಮಾದರಿಯ ನಲವತ್ಮೂರು ಪಟ್ಟು ದೊಡ್ಡದು. ನಲವತ್ತಲ್ಲ, ಐವತ್ತಲ್ಲ, ಇದೆಂಥ ಲೆಕ್ಕ ಎಂದು ಕೇಳುವವರಿದ್ದಾರೆ. ಉತ್ತರ ಬ್ರಿಟನ್ನಿನ ಆಟದ ರೈಲುಗಳಲ್ಲಿದೆ. ಅಲ್ಲಿನ ‘ಓ’ ಗೇಜ್ ರೈಲುಗಳಲ್ಲಿ ನಿಜದ ಒಂದು ಅಡಿಗೆ ಮಾದರಿಯಲ್ಲಿ ಏಳು ಮಿಲಿಮೀಟರ್. ಭಾಗಿಸಿ ನೋಡಿದರೆ ನಲವತ್ಮೂರೂವರೆ ಬರುತ್ತದೆ. ಹಾರ್ನ್‌ಬಿ ರೈಲುಗಳ ನಿಲ್ದಾಣದ ಮುಂದೆ ನಿಲ್ಲಿಸಲು ಮೆಕ್ಯಾನೊ ಕಂಪನಿ 1930ರ ದಶಕದ ಮೊದಲಲ್ಲಿ ಪುಟ್ಟ ಕಾರುಗಳನ್ನು ಮಾಡಿತು. ಅವೇ ಮುಂದೆ ಡಿಂಕಿ ಟಾಯ್ಸ್ ಆದವು. ರೈಲು ಹೋಯಿತು, ಅಳತೆ ಉಳಿಯಿತು. ಇದಲ್ಲದೆ 1:18 ಇದೆ, ಸುಮಾರು ಒಂದು ಗೇಣುದ್ದ. ಬಾಗಿಲು, ಬಾನೆಟ್ ತೆರೆದು ಎಂಜಿನ್ ನೋಡಬೇಕೆನ್ನುವವರಿಗೆ ಅದು. ಜರ್ಮನಿಯ ಸಿಎಮ್‌ಸಿ ಕಂಪನಿ ಸಾವಿರಕ್ಕೂ ಹೆಚ್ಚು ಬಿಡಿಭಾಗ ಜೋಡಿಸಿ ಆ ಅಳತೆಯ ಕಾರು ಮಾಡುತ್ತದೆ. ನನ್ನ ಮಟ್ಟಿಗೆ 1:43 ಮೇಲು. ಒಂದು ಓಟದ ಹತ್ತಾರು ಕಾರು ಒಂದೇ ಹಲಗೆ ಮೇಲೆ ಒಟ್ಟಿಗೆ ನಿಲ್ಲುವುದು ಆ ಅಳತೆಯಲ್ಲಿ ಮಾತ್ರ.

ಡೈಕಾಸ್ಟ್ ಎಂದರೆ ಉಕ್ಕಿನ ಅಚ್ಚಿನೊಳಗೆ ಕರಗಿದ ಲೋಹವನ್ನು ಭಾರೀ ಒತ್ತಡದಲ್ಲಿ ತುಂಬಿ ಎರಕ ಹೊಯ್ಯುವುದು. ಲೋಹ ಝಮಾಕ್: ಸತು ಮುಖ್ಯ, ಜೊತೆಗೆ ಸ್ವಲ್ಪ ಅಲ್ಯೂಮಿನಿಯಂ, ಚಿಟಿಕೆ ಮೆಗ್ನೀಸಿಯಂ ಮತ್ತು ತಾಮ್ರ. ನಾನೂರು ಡಿಗ್ರಿಗಿಂತ ಕಡಿಮೆ ಶಾಖಕ್ಕೇ ಕರಗುತ್ತದೆ, ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಆದರೆ ಈ ಮಿಶ್ರಣಕ್ಕೆ ಎಲ್ಲಿಂದಲೋ ಸೀಸ ಸೇರಿಕೊಂಡರೆ ಲೋಹ ಒಳಗಿನಿಂದಲೇ ಹುಳುಕು ಹಿಡಿಯುತ್ತದೆ. ಮೊದಲು ಬಣ್ಣದ ಮೇಲೆ ಗುಳ್ಳೆ, ಆಮೇಲೆ ಕೂದಲೆಳೆಯ ಬಿರುಕು, ಕೊನೆಗೆ ಕಾರು ಪುಡಿ ಪುಡಿ. ಯುದ್ಧಪೂರ್ವದ ಡಿಂಕಿ ಕಾರುಗಳಲ್ಲಿ ಎಷ್ಟೋ ಹೀಗೆ ಹೋದವು. ಇತ್ತೀಚಿನ ಮಾದರಿಗಳಿಗೂ ಈ ರೋಗ ಬಂದದ್ದುಂಟು. ಇದಕ್ಕೆ ಮದ್ದಿಲ್ಲ.

ಲೆ ಮಾನ್ ಕಾರುಗಳನ್ನು ಆಟಿಕೆಯ ಮಟ್ಟದಿಂದ ಮೇಲೆತ್ತಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಫ್ರಾನ್ಸಿನ ಸೊಲಿಡೊ ಕಂಪನಿಗೆ ಸಲ್ಲಬೇಕು. 1957ರಲ್ಲಿ ಅದು ಶುರುಮಾಡಿದ ಹೊಸ ಸರಣಿಯ ಮೊದಲ ಕಾರೇ ಜಾಗ್ವಾರ್ ಡಿ-ಟೈಪ್. 1955, 56, 57, ಮೂರು ವರ್ಷ ಸತತ ಲೆ ಮಾನ್ ಗೆದ್ದ ಕಾರು. ಆ ಸರಣಿಯ ಕಾರುಗಳಿಗೆ ಸ್ಪ್ರಿಂಗ್ ಇತ್ತು, ಬೆರಳಿನಿಂದ ಒತ್ತಿದರೆ ಮೈ ತಗ್ಗಿ ಮತ್ತೆ ಏಳುತ್ತಿತ್ತು. ಎಪ್ಪತ್ತರ ದಶಕದಲ್ಲಿ ಪೋರ್ಷೆ 917, ಫೆರಾರಿ 512, ಫ್ರೆಂಚರ ಹೆಮ್ಮೆಯ ನೀಲಿ ಮಾತ್ರಾ, ಎಲ್ಲವೂ ಸೊಲಿಡೊ ಅಚ್ಚಿನಿಂದ ಹೊರಬಂದವು. 1990ರಲ್ಲಿ ಜರ್ಮನಿಯ ಆಹೆನ್ ನಗರದಲ್ಲಿ ಪಾಲ್ ಲಾಂಗ್ ಕಟ್ಟಿದ ಮಿನಿಚಾಂಪ್ಸ್ ಅಚ್ಚುಕಟ್ಟುತನಕ್ಕೆ ಹೊಸ ಮಟ್ಟ ಹಾಕಿತು.

ಸೋತವರಿಗೂ ಜಾಗ

ಉಕ್ಕಿನ ಅಚ್ಚಿಗೆ ಒಂದು ಮಿತಿಯಿದೆ. ಅದನ್ನು ಕೆತ್ತಲು ಹಣ ಸುರಿಯಬೇಕು, ಹಾಕಿದ ಹಣ ಮರಳಲು ಸಾವಿರಗಟ್ಟಲೆ ಕಾರು ಮಾರಬೇಕು. ಸಾವಿರಗಟ್ಟಲೆ ಮಾರುವುದು ಯಾವುದು? ಗೆದ್ದ ಕಾರು, ಸಿನಿಮಾದಲ್ಲಿ ಬಂದ ಕಾರು, ಹೆಸರಾಂತ ಚಾಲಕನ ಕಾರು. ಹಾಗಾಗಿ ಡೈಕಾಸ್ಟ್ ಕಾರುಗಳನ್ನಷ್ಟೇ ಕೂಡಿಟ್ಟವರ ಕಪಾಟು ಗೆದ್ದವರ ಇತಿಹಾಸವಾಗುತ್ತದೆ.

ಲೆ ಮಾನ್‌ನ ನಿಜ ಹಾಗಿಲ್ಲ. 1970ರ ಓಟ ನೋಡಿ. ಹೊರಟದ್ದು 51 ಕಾರು. ಮಳೆ ಸುರಿದು ಸುರಿದು, ಕೊನೆಗೆ ಅಧಿಕೃತ ಫಲಿತಾಂಶದಲ್ಲಿ ಸ್ಥಾನ ಪಡೆದದ್ದು ಏಳೇ. ಗೆದ್ದದ್ದು ಕೆಂಪು ಬಿಳುಪಿನ, 23ನೇ ಸಂಖ್ಯೆಯ 917ಕೆ. ಹಿಂದಿನ ವರ್ಷ ನೂರು ಮೀಟರಿನಲ್ಲಿ ಸೋತಿದ್ದ ಅದೇ ಹಾನ್ಸ್ ಹೆರ್ಮನ್, ರಿಚರ್ಡ್ ಆಟ್‌ವುಡ್ ಜೊತೆಗೂಡಿ ಪೋರ್ಷೆಗೆ ಮೊಟ್ಟಮೊದಲ ಒಟ್ಟಾರೆ ಗೆಲುವು ತಂದುಕೊಟ್ಟರು. ಆಮೇಲೆ ಹೆರ್ಮನ್ ರೇಸು ಬಿಟ್ಟರು. ಈ ಕಾರಿನ ಮಾದರಿ ಎಲ್ಲ ಅಳತೆಯಲ್ಲೂ ಸಿಗುತ್ತದೆ. ಆದರೆ ಉಳಿದ ನಲವತ್ತಕ್ಕೂ ಹೆಚ್ಚು ಕಾರುಗಳು? ರಾತ್ರಿ ಎರಡಕ್ಕೋ ಮೂರಕ್ಕೋ ಎಂಜಿನ್ ಸುಟ್ಟು ರಸ್ತೆ ಬದಿ ನಿಂತವು? ಸ್ವಂತ ಗ್ಯಾರೇಜಿನಲ್ಲಿ ಕಾರು ಸಿದ್ಧಮಾಡಿ, ಸಾಲ ಮಾಡಿ ಬಂದ ಸಣ್ಣ ತಂಡಗಳವು?

ಅವುಗಳಿಗೆ ಜಾಗ ಕೊಟ್ಟದ್ದು ರೆಸಿನ್. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ದ್ರವ ರೆಸಿನ್ ಹೊಯ್ದು ಗಟ್ಟಿ ಮಾಡುವ ವಿಧಾನ. ರಬ್ಬರ್ ಅಚ್ಚು ಕೆಲವು ಹತ್ತು ಎರಕಕ್ಕೇ ಸವೆಯುತ್ತದೆ, ಆದರೆ ಮಾಡಲು ಅಗ್ಗ. ಕೆಲವೇ ನೂರು ಕಾರು ಮಾರಿದರೂ ನಷ್ಟವಿಲ್ಲ. ಎಪ್ಪತ್ತರ ದಶಕದಲ್ಲಿ ಬ್ರಿಟನ್ನಿನ ಜಾನ್ ಡೇ, ಫ್ರಾನ್ಸಿನ ಆಂಡ್ರೆ-ಮರಿ ರೂಫ್ ಅಂಥವರು ಬಿಳಿಲೋಹದ ಕಿಟ್‌ಗಳಿಂದ ದಾರಿ ತೋರಿದ್ದರು. ಬಿಡಿಭಾಗ ಕೊಂಡು, ಅರದಿಂದ ಉಜ್ಜಿ, ಬಣ್ಣ ಬಳಿದು, ಸ್ಟಿಕ್ಕರ್ ಅಂಟಿಸಿ ಕೊಂಡವರೇ ಕಟ್ಟಿಕೊಳ್ಳಬೇಕಿತ್ತು. ಬಳಿಕ ಫ್ರಾನ್ಸಿನ ಹ್ಯೂಗೊ ರಿಪರ್ಟ್ ಸ್ಪಾರ್ಕ್ ಕಂಪನಿ ಕಟ್ಟಿ, ಸಿದ್ಧವಾದ ರೆಸಿನ್ ಕಾರುಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ಕೊಟ್ಟರು. ಇಂದು ಗೆದ್ದವರ ಜೊತೆಗೆ ನಡುವಿನವರು, ಕೊನೆಯವರು, ಮುಗಿಸದವರು ಎಲ್ಲರೂ ಒಂದೇ ಹಲಗೆ ಮೇಲೆ ನಿಲ್ಲುವಂತಾಗಿರುವುದರಲ್ಲಿ ಆ ಕಂಪನಿಯ ಪಾಲು ಬಹಳ.

ಹಳೆಯ ಸಂಗ್ರಾಹಕರಲ್ಲಿ ಕೆಲವರು ರೆಸಿನ್ ಒಪ್ಪುವುದಿಲ್ಲ. ತೂಕ ಇಲ್ಲ, ಬಾಗಿಲು ತೆರೆಯುವುದಿಲ್ಲ, ಬಿದ್ದರೆ ಒಡೆಯುತ್ತದೆ ಎನ್ನುತ್ತಾರೆ. ಮೂರೂ ನಿಜ. ಕೈಯಲ್ಲಿ ಹಿಡಿದಾಗ ಲೋಹದ ತಂಪು, ತೂಕ ನನಗೂ ಇಷ್ಟ. ಆದರೂ ಒಂದನ್ನು ಆರಿಸು ಎಂದರೆ, ಸೋತವರ ಹೆಸರು ಉಳಿಸುವುದನ್ನೇ ಆರಿಸುತ್ತೇನೆ.

1971ರ ಗುಲಾಬಿ ಹಂದಿಯ ಮಾತು ಇಲ್ಲಿ ಬರಬೇಕು. ಅದು ಕೂಡ 23ನೇ ಸಂಖ್ಯೆಯೇ. ಅಗಲ ಮೈಯ 917/20 ಎಂಬ ಪ್ರಯೋಗದ ಕಾರಿಗೆ ಪೋರ್ಷೆ ವಿನ್ಯಾಸ ವಿಭಾಗದವರು ಗುಲಾಬಿ ಬಣ್ಣ ಬಳಿದು, ಕಸಾಯಿ ಅಂಗಡಿಯ ಚಿತ್ರಪಟದಂತೆ ಗೆರೆ ಎಳೆದು, ತೊಡೆ, ಪಕ್ಕೆಲುಬು, ಮೂತಿ ಎಂದು ಜರ್ಮನ್ ಭಾಷೆಯಲ್ಲಿ ಬರೆದರು. ಕಾರು ಓಟ ಮುಗಿಸಲಿಲ್ಲ. ಆ ವರ್ಷ ಗೆದ್ದದ್ದು ಹೆಲ್ಮುಟ್ ಮಾರ್ಕೊ ಮತ್ತು ಗೀಸ್ ಫಾನ್ ಲೆನೆಪ್ ಓಡಿಸಿದ 22ನೇ ಸಂಖ್ಯೆಯ ಬಿಳಿ 917ಕೆ. ಭಾರ ಇಳಿಸಲು ಅದರ ಚಾಸಿಯನ್ನೇ ಮೆಗ್ನೀಸಿಯಂ ಕೊಳವೆಗಳಿಂದ ಕಟ್ಟಿದ್ದರು. ಅದು ಕ್ರಮಿಸಿದ 5,335 ಕಿಲೋಮೀಟರ್ ದಾಖಲೆ 2010ರವರೆಗೆ, ಮೂವತ್ತೊಂಬತ್ತು ವರ್ಷ, ಅಳಿಯದೆ ಉಳಿಯಿತು. ಇಷ್ಟಾದರೂ ಮಕ್ಕಳು ಕಪಾಟಿನ ಮುಂದೆ ನಿಂತರೆ ಬೆರಳು ಹೋಗುವುದು ಗುಲಾಬಿ ಕಾರಿನ ಕಡೆಗೆ. 2018ರಲ್ಲಿ ಪೋರ್ಷೆ ಅದೇ ಬಣ್ಣವನ್ನು ತನ್ನ 911 ಆರ್‌ಎಸ್‌ಆರ್‌ಗೆ ಬಳಿದು ಲೆ ಮಾನ್‌ಗೆ ಕಳಿಸಿತು. ಈ ಸಲ ಆ ಬಣ್ಣದ ಕಾರು ತನ್ನ ವಿಭಾಗದಲ್ಲಿ ಗೆದ್ದಿತು.

1966ರ ಮೂರು ಫೋರ್ಡ್‌ಗಳನ್ನೂ ಬಿಡಿಬಿಡಿಯಾಗಿ ಕೊಳ್ಳಬಾರದು ಎಂಬುದು ನನ್ನ ನಿಲುವು. ಕಪ್ಪು 2, ತಿಳಿನೀಲಿ 1, ಬಂಗಾರ ಬಣ್ಣದ 5. ಫೆರಾರಿಯನ್ನು ಸೋಲಿಸಿದ ಹಿಗ್ಗಿನಲ್ಲಿ ಮೂರೂ ಕಾರು ಒಟ್ಟಿಗೆ ಗೆರೆ ದಾಟಲಿ ಎಂದು ಫೋರ್ಡ್ ಬಯಸಿತು. ಮುಂದಿದ್ದ 1ನೇ ಕಾರಿನ ಕೆನ್ ಮೈಲ್ಸ್ ವೇಗ ತಗ್ಗಿಸಿದರು. ಓಟ ಶುರುವಾದಾಗ 2ನೇ ಕಾರು ಸಾಲಿನಲ್ಲಿ ಹಿಂದೆ ನಿಂತಿತ್ತು, ಆದ್ದರಿಂದ ಅದೇ ಹೆಚ್ಚು ದೂರ ಓಡಿದಂತಾಯಿತು ಎಂದು ಲೆಕ್ಕ ಹಾಕಿ ಬ್ರೂಸ್ ಮೆಕ್‌ಲಾರೆನ್ ಮತ್ತು ಕ್ರಿಸ್ ಏಮನ್ ಗೆದ್ದರೆಂದು ಘೋಷಿಸಿದರು. ಆ ವರ್ಷ ಡೇಟೋನಾ, ಸೆಬ್ರಿಂಗ್ ಓಟಗಳೆರಡನ್ನೂ ಗೆದ್ದಿದ್ದ ಮೈಲ್ಸ್‌ಗೆ ಲೆ ಮಾನ್ ದಕ್ಕಲಿಲ್ಲ. ಎರಡೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಹೊಸ ಕಾರೊಂದರ ಪರೀಕ್ಷೆಯ ವೇಳೆ ಅವರು ತೀರಿಕೊಂಡರು. 2019ರಲ್ಲಿ ಬಂದ ‘ಫೋರ್ಡ್ ವರ್ಸಸ್ ಫೆರಾರಿ’ ಸಿನಿಮಾ ನೋಡಿದವರು ನೀಲಿ ಕಾರನ್ನು ಹುಡುಕಿಕೊಂಡು ಬರುತ್ತಾರೆ. ಬರಲಿ. ಆದರೆ ನೀಲಿಯ ನೋವು ತಿಳಿಯಬೇಕಾದರೆ ಪಕ್ಕದಲ್ಲಿ ಕಪ್ಪು ಇರಬೇಕು.

ಕಷ್ಟದ ಕಾರುಗಳು

ಕೆಲವು ಕಾರುಗಳನ್ನು ಕಪಾಟಿನಲ್ಲಿ ಇಡಬೇಕೇ ಬೇಡವೇ ಎಂಬ ಪ್ರಶ್ನೆ ಏಳುತ್ತದೆ. ಅವುಗಳಲ್ಲಿ ಮೊದಲನೆಯದು 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್, ಸಂಖ್ಯೆ 20. ಪಿಟ್ ಕಡೆಗೆ ಹೊರಳಲು ಮೈಕ್ ಹಾಥಾರ್ನ್‌ರ ಜಾಗ್ವಾರ್ ಬ್ರೇಕ್ ಹಾಕಿತು. ಅದನ್ನು ತಪ್ಪಿಸಲು ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್‌ರ ಆಸ್ಟಿನ್-ಹೀಲಿ ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಬರುತ್ತಿದ್ದ ಪಿಯರ್ ಲೆವೆ ಅವರ ಮರ್ಸಿಡಿಸ್ ಆಸ್ಟಿನ್‌ಗೆ ತಗುಲಿ ಮೇಲೆ ಹಾರಿ ಒಡೆಯಿತು, ಅದರ ಭಾಗಗಳು ಪ್ರೇಕ್ಷಕರ ಮೇಲೆ ಬಿದ್ದವು. ಲೆವೆ ಮತ್ತು ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಮುಂಚೂಣಿಯಲ್ಲಿದ್ದ ತನ್ನ ಉಳಿದ ಕಾರುಗಳನ್ನು ಮರ್ಸಿಡಿಸ್ ಆ ನಡುರಾತ್ರಿ ಕಳೆದ ಮೇಲೆ ಓಟದಿಂದ ಹಿಂತೆಗೆದುಕೊಂಡಿತು. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಟ್ರ್ಯಾಕಿನ ಕಾರು ರೇಸನ್ನೇ ನಿಷೇಧಿಸಿತು.

ಲೆವೆ ಅವರನ್ನು ಈ ಒಂದು ಕ್ಷಣಕ್ಕಾಗಿ ಮಾತ್ರ ನೆನೆಯುವುದು ಅನ್ಯಾಯ. ಮೂರು ವರ್ಷ ಹಿಂದೆ, 1952ರಲ್ಲಿ, ಅವರು ತಮ್ಮ ಟಾಲ್ಬೊ ಕಾರನ್ನು ಜೊತೆಗಾರನಿಗೆ ಬಿಟ್ಟುಕೊಡದೆ ಹೆಚ್ಚು ಕಡಿಮೆ ಇಪ್ಪತ್ಮೂರು ಗಂಟೆ ಒಬ್ಬರೇ ಓಡಿಸಿದ್ದರು. ಹಲವು ಸುತ್ತು ಮುಂದಿದ್ದರು. ಗೆಲುವಿಗೆ ಒಂದು ಗಂಟೆ ಚಿಲ್ಲರೆ ಉಳಿದಿರುವಾಗ ಎಂಜಿನ್ ಮುರಿಯಿತು. ಆ ವರ್ಷ ಗೆದ್ದದ್ದು ಮರ್ಸಿಡಿಸ್. ಅದೇ ಮರ್ಸಿಡಿಸ್ ಮುಂದೆ ಅವರನ್ನು ಕರೆದು ಕಾರು ಕೊಟ್ಟಿತು.

20ನೇ ಸಂಖ್ಯೆಯ ಈ ಮರ್ಸಿಡಿಸನ್ನು ಅಲಂಕಾರಕ್ಕೆ ಇಡುವವರಿದ್ದರೆ ಇಡದಿರುವುದೇ ಲೇಸು. ಆದರೆ 1955ರ ಗೆದ್ದ ಜಾಗ್ವಾರ್ ಕಾರನ್ನು ಇಟ್ಟು, 20ನ್ನು ಬಚ್ಚಿಡುವುದು ಅರ್ಧ ಸತ್ಯ. ಎರಡನ್ನೂ ಇಡಿ, ನೋಡಲು ಬಂದವರು ಕೇಳಿದರೆ ಪೂರ್ತಿ ಹೇಳಿ.

ಎರಡನೆಯದು ತಂಬಾಕಿನ ಕಾರುಗಳು. ಎಂಬತ್ತರ ದಶಕದ ಲೆ ಮಾನ್ ಸಿಗರೇಟಿನ ಹಣದಿಂದ ಓಡಿತು. ನೀಲಿ ಬಿಳುಪಿನ ರಾತ್‌ಮನ್ಸ್ ಪೋರ್ಷೆ 956, 1982ರಲ್ಲಿ 1, 2, 3 ಎಂಬ ಸಂಖ್ಯೆ ಹೊತ್ತು ಅದೇ ಕ್ರಮದಲ್ಲಿ ಗೆರೆ ದಾಟಿದ ಕಾರುಗಳು. ನೇರಳೆ ಬಿಳುಪಿನ ಸಿಲ್ಕ್ ಕಟ್ ಜಾಗ್ವಾರ್, 1988ರಲ್ಲಿ ಗೆದ್ದದ್ದು. ಬಳಿಕ ತಂಬಾಕಿನ ಜಾಹೀರಾತಿಗೆ ಹಲವು ದೇಶಗಳಲ್ಲಿ ಕಾನೂನಿನ ಕಡಿವಾಣ ಬಿತ್ತು. ಮಾದರಿ ತಯಾರಕರೂ ಆ ಹೆಸರುಗಳನ್ನು ಬಿಟ್ಟರು. ಬಣ್ಣ ಇದೆ, ಪಟ್ಟಿ ಇದೆ, ಅಕ್ಷರ ಇರಬೇಕಾದಲ್ಲಿ ಖಾಲಿ. ಸಂಗ್ರಾಹಕರು ಬೇರೆ ಕಡೆಯಿಂದ ಸ್ಟಿಕ್ಕರ್ ತರಿಸಿ, ನೀರಿನಲ್ಲಿ ನೆನೆಸಿ, ಚಿಮುಟದಿಂದ ಎತ್ತಿ ಅಂಟಿಸುತ್ತಾರೆ. ಆಟಿಕೆ ಅಂಗಡಿಯಲ್ಲಿ ಮಕ್ಕಳ ಕೈಗೆ ಸಿಗುವ ಕಾರಿನ ಮೇಲೆ ಸಿಗರೇಟಿನ ಹೆಸರು ಇರಕೂಡದು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡವರ ಸಂಗ್ರಹದ ಮಾದರಿಯಲ್ಲಿ ಇರಬೇಕು ಎಂಬುದೂ ನನ್ನ ಖಚಿತ ಮಾತು. ಯಾರ ಹಣದಿಂದ ಓಟ ನಡೆಯಿತು ಎಂಬುದೂ ಇತಿಹಾಸವೇ.

ಇಡಬೇಕೇ ಬೇಡವೇ ಎಂಬ ಪ್ರಶ್ನೆ ಏಳದ ಕಾರಾದರೂ, ಮಜ್ದಾ 787ಬಿ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕಿತ್ತಳೆ ಹಸಿರು, ಸಂಖ್ಯೆ 55, ವರ್ಷ 1991. ಪಿಸ್ಟನ್ ಇಲ್ಲದ, ನಾಲ್ಕು ರೋಟರಿನ ಎಂಜಿನ್. ಲೆ ಮಾನ್ ಗೆದ್ದ ಮೊದಲ ಜಪಾನಿ ಕಾರು. 362 ಸುತ್ತು ಮುಗಿಸಿದ ಕಾರಿನಿಂದ ಇಳಿದ ಜಾನಿ ಹರ್ಬರ್ಟ್ ನೀರಡಿಕೆ, ದಣಿವಿನಿಂದ ಕುಸಿದು ವೇದಿಕೆ ಏರಲಿಲ್ಲ. ಜೊತೆಗಾರರಾದ ಫೋಲ್ಕರ್ ವೈಡ್ಲರ್, ಬರ್ಟ್ರಾಂಡ್ ಗಾಶೊ ಇಬ್ಬರೇ ನಿಂತರು. ಇಪ್ಪತ್ತು ವರ್ಷಗಳ ಬಳಿಕ, 2011ರಲ್ಲಿ, ಹರ್ಬರ್ಟ್ ಅದೇ ಕಾರನ್ನು ಅದೇ ಟ್ರ್ಯಾಕಿನಲ್ಲಿ ಪ್ರದರ್ಶನಕ್ಕೆ ಓಡಿಸಿ, ಆ ವೇದಿಕೆ ಏರಿ ನಿಂತರು.

ಕಲ್ಕತ್ತಾದಲ್ಲಿ ಹುಟ್ಟಿದ ಜಾಗ್ವಾರ್

ನಮ್ಮ ದೇಶಕ್ಕೂ ಈ ಕಥೆಗೂ ಏನು ನಂಟು ಎಂದರೆ, ಇದೆ. 1960ರ ದಶಕದ ಕೊನೆಗೆ ಬ್ರಿಟನ್ನಿನ ಡಿಂಕಿ ಕಂಪನಿ ಬಳಸಿ ಬಿಟ್ಟ ಹಲವು ಅಚ್ಚುಗಳು ಕಲ್ಕತ್ತಾಕ್ಕೆ ಬಂದವು. ಅಲ್ಲಿ ಆ ಅಚ್ಚುಗಳಿಂದಲೇ ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಕಾರುಗಳು ತಯಾರಾದವು. ತಳದ ತಗಡಿನಲ್ಲಿ ಡಿಂಕಿ ಹೆಸರು ಅಳಿಸಿ ನಿಕ್ಕಿ ಎಂದು ಬರೆದರು. ಬಣ್ಣ ಬ್ರಿಟನ್ನಿನಷ್ಟು ನಯವಲ್ಲ, ಟೈರುಗಳೂ ಒರಟು. ಆ ಸಾಲಿನಲ್ಲಿ ಜಾಗ್ವಾರ್ ಡಿ-ಟೈಪ್ ಇತ್ತು. ಲೆ ಮಾನ್ ಮೂರು ಸಲ ಗೆದ್ದ ಕಾರು, ಹೂಗ್ಲಿ ತೀರದಲ್ಲಿ ಎರಕಗೊಂಡು ನಮ್ಮ ಅಂಗಡಿಗಳಿಗೆ ಬಂತು. ಇಂದು ಹೊರದೇಶದ ಸಂಗ್ರಾಹಕರು ಡಿಂಕಿಯ ಜೊತೆಗೆ ನಿಕ್ಕಿಯನ್ನೂ ಹುಡುಕುತ್ತಾರೆ.

ಓಟದಲ್ಲೇ ಭಾರತೀಯರು ಕಾಣಿಸಿಕೊಂಡದ್ದು ಬಹಳ ತಡವಾಗಿ. 2012ರಲ್ಲಿ ಕರುಣ್ ಚಂಧೋಕ್ ಲೆ ಮಾನ್ ಓಡಿಸಿದ ಮೊದಲ ಭಾರತೀಯರಾದರು. ಅವರ ಕಾರು ಒಟ್ಟಾರೆ ಆರನೇ ಸ್ಥಾನ ಪಡೆಯಿತು. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಅಲ್ಲಿ ಓಡಿಸಿದರು. ನಮ್ಮ ಊರಿನ ಹುಡುಗನ ಹೆಸರು ಬರೆದ ಕಾರು ಆ ರಾತ್ರಿಯನ್ನು ಕಂಡದ್ದು ಸಣ್ಣ ಸಂಗತಿಯಲ್ಲ. ಕನ್ನಡದ ಸಂಗ್ರಾಹಕರು ಮೊದಲು ಹುಡುಕಬೇಕಾದ ಸಂಖ್ಯೆ ಅವರ 43.

ಇಲ್ಲಿ ಈ ಹವ್ಯಾಸ ದುಬಾರಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ದೇಶದ ಆಟಿಕೆ ಉದ್ಯಮಕ್ಕೆ ಅದು ಆಸರೆ ಇರಬಹುದು. ಆದರೆ ಕೆಲವೇ ನೂರು ತಯಾರಾಗುವ ಸಂಗ್ರಹದ ಮಾದರಿಯನ್ನೂ ಪ್ಲಾಸ್ಟಿಕ್ ಆಟಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹೀಗಾಗಿ ಎಲ್ಲವನ್ನೂ ಕೊಳ್ಳುವ ಆಸೆ ಬಿಟ್ಟು, ಒಂದು ವರ್ಷದ ಓಟವನ್ನೋ ಒಬ್ಬ ಚಾಲಕನ ಬದುಕನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ಹೆರ್ಮನ್ ಒಬ್ಬರ 908 ಮತ್ತು 917, ಎರಡೇ ಕಾರು ಇಟ್ಟರೂ ಒಂದು ಸಂಜೆಯಿಡೀ ಹೇಳುವಷ್ಟು ಕಥೆಯಿದೆ.

ಕೊಂಡದ್ದನ್ನು ಕಾಪಾಡುವುದು ಅದಕ್ಕಿಂತ ದೊಡ್ಡ ಕೆಲಸ. ಬಿಸಿಲು ಬೀಳುವ ಕಿಟಕಿ ಎದುರು ಇಡಬೇಡಿ, ಕೆಂಪು ಮಾಸುತ್ತದೆ, ಸ್ಟಿಕ್ಕರ್ ಹಳದಿಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಜಿನ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬದಲಿಸಿ. ಮೆತ್ತನೆಯ ಟೈರುಗಳು ವರ್ಷಗಟ್ಟಲೆ ಪ್ಲಾಸ್ಟಿಕ್ ತಳದ ಮೇಲೆ ಕೂತರೆ ಅದನ್ನೇ ಕರಗಿಸಿ ಅಂಟಿಕೊಳ್ಳುತ್ತವೆ. ಕಾರನ್ನು ತಳಕ್ಕೆ ಬಿಗಿದ ಸ್ಕ್ರೂ ಸಡಿಲಿಸಿ ನಡುವೆ ತೆಳು ಆಸರೆ ಕೊಡಿ. ದೂಳು ತೆಗೆಯಲು ಬಟ್ಟೆ ಬೇಡ, ಮೆತ್ತನೆಯ ಬ್ರಷ್ ಸಾಕು. ಪೆಟ್ಟಿಗೆ ಎಸೆಯಬೇಡಿ.

ಕೊನೆಗೆ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೋ, ಅಜ್ಜನ ಟ್ರಂಕಿನಲ್ಲೋ ಬಣ್ಣ ಹಾರಿದ ಹಳೆಯ ಲೋಹದ ಕಾರು ಸಿಕ್ಕರೆ ಹೊಸ ಬಣ್ಣ ಬಳಿಯಬೇಡಿ, ಗುಜರಿಗೂ ಹಾಕಬೇಡಿ. ಮಗುಚಿ ತಳದಲ್ಲಿ ಏನು ಬರೆದಿದೆ ಓದಿ. ನಿಕ್ಕಿ ಎಂದಿದ್ದರೆ, ಮೂಲ ಬಣ್ಣ ಅರ್ಧವೇ ಉಳಿದಿದ್ದರೂ ಹಾಗೆಯೇ ಇರಲಿ. ಆ ಕಾರನ್ನು ಯಾರು ಕೊಂಡರು, ಯಾವ ಅಂಗಡಿಯಲ್ಲಿ, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಕಾರಿನ ಜೊತೆಗಿಡಿ.